ಬೇಡ್ತಿ–ವರದಾ: ಲೆಕ್ಕಕ್ಕೆ ಬಾರದ ಅಳಿವೆಯ ಡಿಂಭಗಳು

ಗೂಗಲ್ (ದೇವದುರ್ಗ ತಾಲ್ಲೂಕು): ಅಲ್ಲಮಪ್ರಭುವಿನ ಗುಡಿಯ ಕೆಳಗೆ ಹರಿಯುವ ಕೃಷ್ಣೆಗೆ ಇಲ್ಲಿ ಅಡ್ಡಲಾಗಿ ಸೇತುವೆ ಸಹಿತ ಬ್ಯಾರೇಜ್ ನಿಂತಿದೆ. ಬೇಸಿಗೆ ಬಂತೆಂದರೆ ನಾರಾಯಣಪುರದಿಂದ ಎಷ್ಟು ನೀರು ಬಿಟ್ಟರು, ಗೂಗಲ್‌ಗೆ ಎಷ್ಟು ತಲುಪಿತು, ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಎಷ್ಟು ದಿನ ಸಾಲುತ್ತದೆ ಎಂಬುದೇ ಜಿಲ್ಲೆಯ ಸುದ್ದಿ. ಎರಡು ನದಿಗಳ ನಡುವೆ ಇದ್ದೂ ನೀರಿಗಾಗಿ ಕಾಯುವ ಜಿಲ್ಲೆ ರಾಯಚೂರು. ದೇವದುರ್ಗ ಕೃಷ್ಣೆಯ ಕಡೆ ನೋಡುತ್ತದೆ, ಮಾನ್ವಿ ತುಂಗಭದ್ರೆಯ ಕಡೆ ನೋಡುತ್ತದೆ. ಇಂತಹ ಊರಿನಲ್ಲಿ ನಿಂತು ಸಮುದ್ರದ ನೀರಿನ ಗುಣಮಟ್ಟದ ಮಾತೆತ್ತಿದರೆ ಕೇಳುವವರು ಹುಬ್ಬೇರಿಸಬಹುದು. ಅರಬ್ಬಿ ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ.

ಆದರೆ ಈ ಎರಡನ್ನು ಜೋಡಿಸುವ ಯೋಜನೆಯೊಂದು ಕಾಗದದ ಮೇಲೆ ದಶಕಗಳಿಂದ ಇದೆ. 1980ರ ರಾಷ್ಟ್ರೀಯ ನದಿ ಜೋಡಣೆ ಪರಿಕಲ್ಪನೆಯ ದಕ್ಷಿಣ ಭಾಗದ 16 ಜೋಡಣೆಗಳಲ್ಲಿ ಬೇಡ್ತಿ–ವರದಾ ಒಂದು. ಉತ್ತರ ಕನ್ನಡದ ಬೇಡ್ತಿ ಕಣಿವೆಯಲ್ಲಿ 'ಹೆಚ್ಚುವರಿ' ಎನಿಸಿದ ನೀರನ್ನು ಘಟ್ಟದ ಮೇಲಕ್ಕೆತ್ತಿ ವರದಾ ನದಿಗೆ, ಅಲ್ಲಿಂದ ತುಂಗಭದ್ರೆಗೆ ಸೇರಿಸಿ ರಾಯಚೂರು ಜಿಲ್ಲೆಯ ಒಣ ನೆಲಕ್ಕೆ ಹರಿಸುವುದು ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೂಲ ಪ್ರಸ್ತಾವ. ಆಗ ಅಂದಾಜಿಸಿದ್ದು 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು 8.5 ಟಿಎಂಸಿ ಅಡಿ ನೀರು. 60,200 ಹೆಕ್ಟೇರ್ ನೀರಾವರಿ. ಮುಂದೆ ಸಮಗ್ರ ಯೋಜನಾ ವರದಿಯ ಹಂತಕ್ಕೆ ಬರುವಷ್ಟರಲ್ಲಿ ನೀರಿನ ಪ್ರಮಾಣ 18.5 ಟಿಎಂಸಿ ಅಡಿಯಷ್ಟಾಯಿತು. ಫಲಾನುಭವಿಗಳ ಪಟ್ಟಿಯಲ್ಲಿ ಗದಗ, ಕೊಪ್ಪಳ, ಹಾವೇರಿಯ ಹೆಸರೂ ಬಂತು. ಶಿರಸಿ, ಯಲ್ಲಾಪುರ ಭಾಗದಲ್ಲಿ ವಿರೋಧ, ಬಯಲುಸೀಮೆಯಲ್ಲಿ ಬೆಂಬಲ, ಇದು ಈ ವಿವಾದದ ಪರಿಚಿತ ಚಿತ್ರ.

ವಿರೋಧಿಸುವವರು ಕಾಡು, ಅಡಿಕೆ ತೋಟ, ಕುಸಿಯುವ ಗುಡ್ಡಗಳ ಮಾತನಾಡುತ್ತಾರೆ. ಬೆಂಬಲಿಸುವವರು ಕಾಲುವೆಯ ಕೊನೆಭಾಗದ ರೈತರ ಮಾತನಾಡುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಬೇಡ್ತಿ ನದಿ ಕೊನೆಗೆ ಹೋಗಿ ಸೇರುವ ಜಾಗದ ಮಾತು ಮಾತ್ರ ಈ ಎರಡೂ ಕಡೆಯಲ್ಲಿ ಅಪರೂಪ. ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿ ಎಂಬ ಹೆಸರು ಪಡೆದು, ಅಂಕೋಲಾ ತಾಲ್ಲೂಕಿನ ದಕ್ಷಿಣ ಅಂಚಿನಲ್ಲಿ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪು ನೀರಿಗೂ ಸಿಹಿ ನೀರಿಗೂ ನಡುವಿನ ಹದವೊಂದಿದೆ. ಆ ಹದವನ್ನು ನಂಬಿ ಬದುಕುವ ಜೀವಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಕಾಣದ ಕಾರಣಕ್ಕೇ ಲೆಕ್ಕಕ್ಕೂ ಬಂದಿಲ್ಲ.

ಸಸಿಮಡಿಯ ಹಾಗೆ

ಬಳಚು, ಕಲ್ವ, ಪಚ್ಚಿಲೆ ಮೊದಲಾದ ಚಿಪ್ಪುಜೀವಿಗಳು ಮೊಟ್ಟೆ ಮತ್ತು ವೀರ್ಯವನ್ನು ನೇರವಾಗಿ ನೀರಿಗೆ ಬಿಡುತ್ತವೆ. ಗರ್ಭಕಟ್ಟುವುದು ನೀರಿನಲ್ಲೇ. ಒಂದು ದಿನದೊಳಗೆ ಅದು ಈಜುವ ಲಾರ್ವಾ, ಅಂದರೆ ಜೀವವಿಜ್ಞಾನದ ಪಠ್ಯಗಳು 'ಡಿಂಭ' ಎನ್ನುವ ರೂಪ ತಾಳುತ್ತದೆ. ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಗಳಲ್ಲಿ ಮೊದಲ ಚಿಪ್ಪು ಮೂಡುತ್ತದೆ; ಇಂಗ್ಲಿಷಿನ ಡಿ ಅಕ್ಷರದಂತಿರುವುದರಿಂದ ವಿಜ್ಞಾನಿಗಳು ಅದನ್ನು ಡಿ-ಡಿಂಭ ಎನ್ನುತ್ತಾರೆ. ಮುಂದಿನ ಎರಡು ಮೂರು ವಾರ ಅದು ಸೂಕ್ಷ್ಮ ಪಾಚಿ ತಿನ್ನುತ್ತ ಪ್ರವಾಹದೊಂದಿಗೆ ತೇಲುತ್ತದೆ. ಬಳಿಕ ಕಾಲಿನಂತಹ ಅಂಗವೊಂದು ಬೆಳೆದು, ಹಿಡಿಸಿದ ನೆಲ ಸಿಕ್ಕರೆ ಇಳಿದು ಕೂರುತ್ತದೆ. ಸಿಗದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ತಾಯಿ ಬಿಡುವ ಲಕ್ಷಾಂತರ ಮೊಟ್ಟೆಗಳಲ್ಲಿ ಬೆಳೆದು ದೊಡ್ಡದಾಗುವುದು ಬೆರಳೆಣಿಕೆಯಷ್ಟು.

ಮಾನ್ವಿ, ಸಿಂಧನೂರು ಭಾಗದ ಭತ್ತದ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸವಳು ಹಿಡಿದ ಗದ್ದೆಯಲ್ಲಿ ಬಲಿತ ಪೈರು ಹೇಗೋ ತಡೆದುಕೊಂಡೀತು, ಎಳೆ ಸಸಿ ತಡೆಯುವುದಿಲ್ಲ ಎಂಬುದು ಅವರಿಗೆ ಗೊತ್ತು. ಸಮುದ್ರದಲ್ಲೂ ಹಾಗೆಯೇ. ಬಲಿತ ಬಳಚಿಗೆ ನೀರು ಸೇರದಿದ್ದರೆ ಚಿಪ್ಪು ಮುಚ್ಚಿಕೊಂಡು ದಿನಗಟ್ಟಲೆ ಕಾಯಬಲ್ಲದು. ಡಿಂಭಕ್ಕೆ ಮುಚ್ಚಿಕೊಳ್ಳಲು ಗಟ್ಟಿ ಬಾಗಿಲೇ ಇನ್ನೂ ಇರುವುದಿಲ್ಲ. ಅದರ ಮೊದಲ ಚಿಪ್ಪು ಸುಲಭವಾಗಿ ಕರಗುವ ಬಗೆಯ ಸುಣ್ಣದ್ದು. ಆ ಚಿಪ್ಪು ಕಟ್ಟಲು ಬೇಕಾದ ಶಕ್ತಿ ಮೊಟ್ಟೆಯಲ್ಲಿ ತಾಯಿ ಇಟ್ಟ ಬುತ್ತಿಯಿಂದಲೇ ಬರಬೇಕು. ನೀರು ಸ್ವಲ್ಪ ಆಮ್ಲೀಯವಾದರೂ ಚಿಪ್ಪು ಕಟ್ಟುವ ಖರ್ಚು ಏರುತ್ತದೆ, ಬುತ್ತಿ ಬೇಗ ಖಾಲಿಯಾಗುತ್ತದೆ, ಆಹಾರ ಹುಡುಕುವ ಮೊದಲೇ ಜೀವ ಹೋಗುತ್ತದೆ.

ಇದು ಪ್ರಯೋಗಾಲಯದ ಊಹೆಯಲ್ಲ. ಅಮೆರಿಕದ ಒರೆಗಾನ್ ರಾಜ್ಯದ ವಿಸ್ಕಿ ಕ್ರೀಕ್ ಕಲ್ವ ಮರಿ ಕೇಂದ್ರದಲ್ಲಿ 2007ರಿಂದ ಡಿಂಭಗಳು ರಾಶಿರಾಶಿಯಾಗಿ ಸಾಯತೊಡಗಿದವು. ಮೊದಲು ರೋಗಾಣುಗಳ ಮೇಲೆ ಅನುಮಾನ ಬಂತು, ನೀರು ಶುದ್ಧೀಕರಿಸುವ ಯಂತ್ರ ತಂದರೂ ಸಾವು ನಿಲ್ಲಲಿಲ್ಲ. ಕೊನೆಗೆ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳೊಂದಿಗೆ ನೀರನ್ನು ಅಳೆದಾಗ ಕಾರಣ ಸಿಕ್ಕಿತು: ಆಳ ಸಮುದ್ರದಿಂದ ಮೇಲೆದ್ದು ಬರುತ್ತಿದ್ದ, ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ನೀರು. ಪರಿಹಾರ ಸರಳವಾಗಿತ್ತು. ಬೆಳಗಿನ ಬದಲು ಮಧ್ಯಾಹ್ನ ನೀರೆತ್ತುವುದು, ಏಕೆಂದರೆ ಹಗಲಿನ ಬಿಸಿಲಿಗೆ ನೀರಿನ ಸಸ್ಯಗಳು ಅಷ್ಟರಲ್ಲಿ ಇಂಗಾಲವನ್ನು ಹೀರಿರುತ್ತವೆ. ಜತೆಗೆ ಸೋಡಾ ಬೆರೆಸುವುದು. ತೊಟ್ಟಿಯಲ್ಲಿ ಇದು ಸಾಧ್ಯ. ಅಳಿವೆಗೆ ಸೋಡಾ ಬೆರೆಸುವವರಾರು?

ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯದು ಇನ್ನೂ ಹಳೆಯ ಪ್ರಕರಣ. 1970ರ ದಶಕದ ಕೊನೆಯಲ್ಲಿ ಅಲ್ಲಿ ಕಲ್ವಗಳು ಇದ್ದವು, ಮೊಟ್ಟೆಯನ್ನೂ ಇಡುತ್ತಿದ್ದವು. ಆದರೆ ವರ್ಷಗಟ್ಟಲೆ ಹೊಸ ಮರಿ ಹುಟ್ಟಲಿಲ್ಲ. ದೋಣಿಗಳ ತಳಕ್ಕೆ ಬಳಿಯುವ ಟಿಬಿಟಿ ಎಂಬ ತವರಯುಕ್ತ ಬಣ್ಣ ಅದಕ್ಕೆ ಕಾರಣವೆಂದು ಪತ್ತೆಯಾಯಿತು. 1982ರಲ್ಲಿ ಸಣ್ಣ ದೋಣಿಗಳಿಗೆ ಫ್ರಾನ್ಸ್ ಅದನ್ನು ನಿಷೇಧಿಸಿದ ಬಳಿಕ ಮರಿಗಳು ಮರಳಿದವು. ಜಗತ್ತಿನ ಎಲ್ಲ ಹಡಗುಗಳಿಗೆ ಅನ್ವಯಿಸುವ ಒಪ್ಪಂದ ಜಾರಿಗೆ ಬರಲು 2008ರವರೆಗೆ ಕಾಯಬೇಕಾಯಿತು.

ಶರಾವತಿ, ಅಘನಾಶಿನಿ: ಎರಡು ಅಳಿವೆ

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಕನ್ನಡದಲ್ಲೇ, ಅಕ್ಕಪಕ್ಕದ ಎರಡು ನದಿಗಳಲ್ಲಿ ಈ ಪಾಠ ಕಣ್ಣಮುಂದಿದೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಬಹುತೇಕ ಸಿಹಿಯಾಗುತ್ತದೆ; ಮಳೆ ನಿಂತು ಹೊಳೆ ಇಳಿದಂತೆ ಸಮುದ್ರದ ಉಪ್ಪು ಹಂತಹಂತವಾಗಿ ಒಳಗೆ ಬರುತ್ತದೆ. ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದು, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ ಮೀನು ಹಿಡಿಯುವುದು ಈ ಲಯದ ಮೇಲೆಯೇ ನಿಂತ ಬದುಕು. ಬಳಚು ತೆಗೆಯುವವರ ಬದುಕೂ ಅಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು 2008ರ ಸುಮಾರಿಗೆ ನಡೆಸಿದ ಅಧ್ಯಯನದಲ್ಲಿ ಈ ಒಂದೇ ಅಳಿವೆಯ ವಾರ್ಷಿಕ ಚಿಪ್ಪುಜೀವಿ ಉತ್ಪಾದನೆಯನ್ನು ಸುಮಾರು 22 ಸಾವಿರ ಟನ್ ಎಂದು ಅಂದಾಜಿಸಿದ್ದರು. ಎರಡು ಸಾವಿರಕ್ಕೂ ಹೆಚ್ಚು ಜನ ಇದನ್ನೇ ನಂಬಿದ್ದರು. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರನ್ನು ಕುಮಟಾ ಭಾಗದ ಪ್ರವಾಸಿಗರು ನೋಡಿರಬಹುದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ಪಕ್ಕದ ಶರಾವತಿಯ ಕಥೆ ಬೇರೆ. 1964ರ ಲಿಂಗನಮಕ್ಕಿ, ಅದರ ಕೆಳಗೆ ಎರಡು ಸಾವಿರದ ಇಸವಿಯ ಆಸುಪಾಸಿನ ಗೇರುಸೊಪ್ಪೆ ಅಣೆಕಟ್ಟು. ವಿದ್ಯುತ್ ಉತ್ಪಾದಿಸಿದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತಲೇ ಇರುತ್ತದೆ. ಇದರಿಂದ ಹೊನ್ನಾವರದ ಅಳಿವೆಗೆ ವರ್ಷವಿಡೀ ಸಿಹಿ ನೀರು ಬಂದು ಉಪ್ಪಿನ ಅಂಶ ಕುಸಿಯಿತು. ಒಂದು ಕಾಲದಲ್ಲಿ ಅಲ್ಲಿದ್ದ ಬಳಚುಗಳು ಹೆಚ್ಚುಕಡಿಮೆ ಕಣ್ಮರೆಯಾದವು ಎಂಬುದು ಅದೇ ಸಂಶೋಧಕರ ತೀರ್ಮಾನ. ಗಮನಿಸಬೇಕಾದುದು ಏನೆಂದರೆ, ಇಲ್ಲಿ ಕಾರ್ಖಾನೆಯ ವಿಷ ಸೇರಲಿಲ್ಲ, ಎಣ್ಣೆ ಚೆಲ್ಲಲಿಲ್ಲ. ಬಂದದ್ದು ಕುಡಿಯಬಹುದಾದಂತಹ ಸಿಹಿ ನೀರೇ. ಬರಬಾರದ ತಿಂಗಳುಗಳಲ್ಲಿ ಬಂತು, ಅಷ್ಟೆ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯ ಹಲವು ಬಳಚು ಜಾತಿಗಳು ಮಳೆಗಾಲ ಮುಗಿದು ಉಪ್ಪು ಮರಳುವ ತಿಂಗಳುಗಳಲ್ಲಿ ಮೊಟ್ಟೆ ಬಿಡುತ್ತವೆ. ಆಗ ಉಪ್ಪು ಬಾರದಿದ್ದರೆ ಡಿಂಭ ನಿಲ್ಲುವುದಿಲ್ಲ. ತಾಯಿ ಬಳಚು ಇನ್ನೂ ಬದುಕಿದ್ದರೂ ಮುಂದಿನ ಪೀಳಿಗೆ ಇರುವುದಿಲ್ಲ. ತಲೆಮಾರು ನಿಂತುಹೋದದ್ದು ಹೊರಗೆ ತಿಳಿಯುವುದು ಎರಡು ಮೂರು ವರ್ಷ ಕಳೆದು, ಬುಟ್ಟಿ ಖಾಲಿ ಬಂದಾಗ.

ಈಗ ಶರಾವತಿಯಲ್ಲೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ ವಿವಾದದಲ್ಲಿದೆ. ಸಿಂಗಳೀಕದ ಕಾಡಿನ ಪ್ರಶ್ನೆ ಅಲ್ಲಿ ಮುಂದಿದೆ, ಅದು ಸರಿಯೇ. ಕೆಳಗಿನ ಅಳಿವೆಗೆ ನೀರು ಬೀಳುವ ವೇಳಾಪಟ್ಟಿ ಬದಲಾಗುವುದೇ ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಬೇಡ್ತಿ–ವರದಾ ಯೋಜನೆಯಲ್ಲಿ ಆಗಬಹುದಾದದ್ದು ಶರಾವತಿಯ ವಿರುದ್ಧ ದಿಕ್ಕಿನ ಬದಲಾವಣೆ. ಅಲ್ಲಿ ಸಿಹಿ ನೀರು ಹೆಚ್ಚಾಯಿತು, ಇಲ್ಲಿ ಕಡಿಮೆಯಾಗುತ್ತದೆ. ಯೋಜನೆಯ ಪರವಾಗಿರುವವರು ಹೇಳುವ ಮಾತೊಂದನ್ನು ನ್ಯಾಯವಾಗಿ ಕೇಳಬೇಕು: ಎತ್ತುವುದು ಮಳೆಗಾಲದ ಪ್ರವಾಹದ ನೀರು, ಆಗ ಅಳಿವೆ ಹೇಗೂ ತುಂಬಿ ಹರಿಯುತ್ತಿರುತ್ತದೆ, ಅದರಲ್ಲಿ ಒಂದು ಪಾಲು ತೆಗೆದರೆ ಸಮುದ್ರಕ್ಕೇನು ನಷ್ಟ? ಜುಲೈ ತಿಂಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಜಲಾಶಯವೊಂದು ಕಟ್ಟಿದ ಮೇಲೆ ಅದು ತುಂಬುವುದು ಜುಲೈಯಲ್ಲಿ ಮಾತ್ರವಲ್ಲ. ಮಳೆ ಕೈಕೊಟ್ಟ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನ ನೀರೂ ಅದರೊಳಗೇ ಉಳಿಯುತ್ತದೆ. ಉಪ್ಪು ಒಳಬರುವ ಹೊತ್ತು ಮುಂದಕ್ಕೋ ಹಿಂದಕ್ಕೋ ಸರಿಯುವುದು ಆಗಲೇ. ನದಿ ತರುವ ಪೋಷಕಾಂಶ ಮತ್ತು ಮಣ್ಣು ಕಡಿಮೆಯಾದರೆ ಡಿಂಭದ ಆಹಾರವಾದ ಸೂಕ್ಷ್ಮ ಪಾಚಿಯ ಬೆಳೆಯೂ ಬದಲಾಗುತ್ತದೆ. ಬೇಸಿಗೆಯಲ್ಲಿ ಉಪ್ಪು ನೀರು ನದಿಯ ಮೇಲ್ಭಾಗಕ್ಕೆ ಇನ್ನಷ್ಟು ಏರಿದರೆ ಅದು ಬಳಚಿನ ಸಮಸ್ಯೆಯಷ್ಟೇ ಅಲ್ಲ, ದಡದ ಬಾವಿಗಳ ಸಮಸ್ಯೆಯೂ ಹೌದು.

ಪಶ್ಚಿಮ ಕರಾವಳಿಯ ಡಿಂಭಗಳಿಗೆ ಇನ್ನೊಂದು ಸಹಜ ಸಂಕಟವೂ ಇದೆ. ನೈಋತ್ಯ ಮಾರುತದ ಕಾಲದಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣನೆಯ ನೀರು ಕರಾವಳಿಯ ಕಡೆ ಮೇಲೇಳುತ್ತದೆ. ಮೀನಿನ ಸಮೃದ್ಧಿಗೆ ಇದೇ ಕಾರಣ. ಆದರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು. ಒರೆಗಾನ್‌ನಲ್ಲಿ ಡಿಂಭಗಳನ್ನು ಕೊಂದದ್ದೂ ಇಂತಹ ಮೇಲೆದ್ದ ನೀರೇ. ಕೈಗಾರಿಕಾ ಯುಗಕ್ಕಿಂತ ಮೊದಲು 8.2ರಷ್ಟಿದ್ದ ಸಾಗರ ಮೇಲ್ಪದರದ ಪಿಎಚ್ ಈಗ 8.1ರ ಆಸುಪಾಸಿಗೆ ಇಳಿದಿದೆ. ಅಂಕಿ ಚಿಕ್ಕದೆನಿಸಿದರೂ ಆಮ್ಲೀಯತೆಯ ಲೆಕ್ಕದಲ್ಲಿ ಅದು ಶೇ 25ಕ್ಕೂ ಹೆಚ್ಚಿನ ಏರಿಕೆ. ಪ್ರಕೃತಿಯೇ ವರ್ಷಕ್ಕೊಮ್ಮೆ ಅಂಚಿಗೆ ತಂದು ನಿಲ್ಲಿಸುವ ಜೀವಿಯನ್ನು ಇನ್ನೊಂದು ಹೆಜ್ಜೆ ತಳ್ಳಲು ಹೆಚ್ಚಿನ ಬಲ ಬೇಕಿಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಹೊತ್ತು ಗಂಗಾವಳಿಗೆ ಬಿದ್ದಾಗ ಇಡೀ ನಾಡು ಆ ನದಿಯನ್ನು ನೋಡಿತು. ಅಲ್ಲಿ ಹೋದ ಜೀವಗಳ ಮುಂದೆ ಬಳಚಿನ ಮಾತು ಸಣ್ಣದು. ಆದರೂ ನದಿಗೆ ಸೇರಿದ ಆ ಮಣ್ಣು ಹರಿಯುವುದು ಅಳಿವೆಯ ಕಡೆಗೇ. ನೆಲ ಹುಡುಕಿ ಇಳಿಯುವ ಡಿಂಭಕ್ಕೆ ಮೇಲೆ ಕೂರುವ ಹೂಳು ಗೋರಿಯಾಗಬಲ್ಲದು.

ಯಾವ ಅಳತೆಗೋಲು?

ಹಾಗಾದರೆ ಸಮುದ್ರದ ನೀರು ಸರಿಯಿದೆಯೇ ಎಂದು ಅಳೆಯುವ ಕಾನೂನೇ ಇಲ್ಲವೇ? ಇದೆ. ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಅಡಿಯಲ್ಲಿ ಕರಾವಳಿ ನೀರನ್ನು ಬಳಕೆಗೆ ತಕ್ಕಂತೆ ಐದು ವರ್ಗ ಮಾಡಲಾಗಿದೆ. ಚಿಪ್ಪುಜೀವಿ, ಜಲಕೃಷಿ, ಉಪ್ಪಿನಾಗರ ಮತ್ತು ಸೂಕ್ಷ್ಮ ಪರಿಸರಗಳಿಗೆ ಮೀಸಲಾದುದು ಮೊದಲ ವರ್ಗ, ಅತ್ಯಂತ ಕಟ್ಟುನಿಟ್ಟಿನದು. ಅದರ ಪ್ರಕಾರ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇರಬೇಕು, ಎಣ್ಣೆ 0.1 ಮಿಲಿಗ್ರಾಂ ಮೀರಬಾರದು, ಪಿಎಚ್ 6.5ರಿಂದ 8.5ರ ನಡುವೆ ಇರಬೇಕು.

ಈ ಕೊನೆಯ ಅಂಕಿಯ ಬಳಿ ನಿಲ್ಲಬೇಕು. 8.1ರಿಂದ ಕೆಲವು ದಶಮಾಂಶ ಕೆಳಗಿಳಿದರೇ ಡಿಂಭಗಳು ತತ್ತರಿಸುತ್ತವೆ. 6.5 ಎಂದರೆ ಸಮುದ್ರದ ನೀರಿನಲ್ಲಿ ಚಿಪ್ಪು ಕಟ್ಟುವ ಮಾತಿರಲಿ, ಕಟ್ಟಿದ ಚಿಪ್ಪು ಕರಗುವ ಸ್ಥಿತಿ. ಚಿಪ್ಪುಜೀವಿಗಳಿಗಾಗಿಯೇ ಬರೆದ ನಿಯಮ ಆ ಸ್ಥಿತಿಯನ್ನೂ 'ಸರಿ' ಎನ್ನುತ್ತದೆ. ಅಳಿವೆಯ ಜೀವಕ್ಕೆ ಮುಖ್ಯವಾದ ಉಪ್ಪಿನ ಅಂಶಕ್ಕಂತೂ ಅಲ್ಲಿ ಮಿತಿಯೇ ಇಲ್ಲ. ಈ ಅಳತೆಗೋಲು ಹಿಡಿದು ಹೋದರೆ ಹೊನ್ನಾವರದ ಅಳಿವೆಯಲ್ಲಿ ಬಳಚು ನಶಿಸಲು ಕಾರಣವಾದ ಸಿಹಿ ನೀರು ಯಾವ ತಪ್ಪೂ ಮಾಡಿಲ್ಲ.

ಕಾರ್ಖಾನೆಗಳ ತ್ಯಾಜ್ಯ ನೀರಿಗೆ ಇರುವ ಜೈವಿಕ ಪರೀಕ್ಷೆಯದೂ ಇದೇ ಹಾದಿ. ಸಮುದ್ರಕ್ಕೆ ಬಿಡುವ ತ್ಯಾಜ್ಯ ನೀರಿನಲ್ಲಿ ಮೀನುಗಳನ್ನು 96 ಗಂಟೆ ಇರಿಸಿದಾಗ ಶೇ 90ರಷ್ಟು ಬದುಕಿರಬೇಕು ಎನ್ನುತ್ತದೆ ಸಾಮಾನ್ಯ ಮಾನದಂಡ. ಮೀನು ಬದುಕಿದರೆ ನೀರು ಪಾಸಾಯಿತು. ಅದೇ ನೀರಿನಲ್ಲಿ ಕಲ್ವದ ಮೊಟ್ಟೆ ಡಿ-ಡಿಂಭವಾಗುವುದೇ ಎಂದು ಯಾರೂ ಕೇಳಬೇಕಾಗಿಲ್ಲ. ಕಲ್ವ, ಪಚ್ಚಿಲೆ, ಕಡಲ ಚೆಂಡುಮುಳ್ಳುಗಳ ಭ್ರೂಣವನ್ನು ಬಳಸಿ ಎರಡು ದಿನಗಳಲ್ಲಿ ಮುಗಿಸುವ ಪರೀಕ್ಷೆಗಳು ಅಮೆರಿಕ, ಯುರೋಪಿನಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಇದಕ್ಕೆ ಬೇಕಾಗುವುದು ಸೂಕ್ಷ್ಮದರ್ಶಕ, ಶುದ್ಧ ಸಮುದ್ರ ನೀರು, ಪಳಗಿದ ಕಣ್ಣು. ಕರ್ನಾಟಕದಲ್ಲಿ ಇವಕ್ಕೆ ಬರವಿಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು ಮತ್ತು ಕಾರವಾರದಲ್ಲಿವೆ. ಮಂಗಳೂರಿನ ಮೀನುಗಾರಿಕಾ ಕಾಲೇಜು ಅರ್ಧ ಶತಮಾನ ದಾಟಿದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವಿದೆ. ಕೊರತೆ ಇರುವುದು ಕೇಳುವವರದು.

ವ್ಯರ್ಥ ಎಂಬ ಪದ

ನದಿ ನೀರಿನ ಬಗ್ಗೆ ನಾಡಿನಲ್ಲಿ ಪಕ್ಷಭೇದವಿಲ್ಲದೆ ಬಳಕೆಯಾಗುವ ಮಾತೊಂದಿದೆ: 'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು'. ಎತ್ತಿನಹೊಳೆಯಿಂದ ಬೇಡ್ತಿಯವರೆಗೆ ಎಲ್ಲ ತಿರುವು ಯೋಜನೆಗಳ ಭಾಷಣ ಇಲ್ಲಿಂದಲೇ ಶುರುವಾಗುತ್ತದೆ. ಪೂರ್ವಕ್ಕೆ ಹರಿಯುವ ಕೃಷ್ಣೆಯ ವಿಷಯದಲ್ಲೂ ಅಷ್ಟೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಕನಿಷ್ಠ ಹರಿವಿಗೆಂದು 16 ಟಿಎಂಸಿ ಅಡಿ ನೀರನ್ನು ಮೂರೂ ರಾಜ್ಯಗಳ ಪಾಲಿನಿಂದ ತೆಗೆದಿರಿಸಿತು. ಎರಡು ಸಾವಿರ ಟಿಎಂಸಿ ಮೀರಿದ ನದಿಯ ಲೆಕ್ಕದಲ್ಲಿ ಅದು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಹಾಗಿದ್ದರೂ ನದಿಗೆ ತನ್ನದೇ ಪಾಲು ಇದೆ ಎಂದು ಬರಹದಲ್ಲಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಪಶ್ಚಿಮಕ್ಕೆ ಹರಿಯುವ ಗಂಗಾವಳಿಯ ವಿಷಯದಲ್ಲಿ ಅಷ್ಟರ ಚರ್ಚೆಯೂ ನಡೆದಿಲ್ಲ.

ಇದರರ್ಥ ರಾಯಚೂರಿನ ದಾಹ ಸುಳ್ಳೆಂದಲ್ಲ. ತುಂಗಭದ್ರಾ ಜಲಾಶಯ 133 ಟಿಎಂಸಿ ಅಡಿ ಸಾಮರ್ಥ್ಯದಿಂದ 105.788ಕ್ಕೆ ಇಳಿದಿರುವುದು ಹೂಳಿನ ಕಾರಣಕ್ಕೆ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ಎಷ್ಟು ಕಂಗಾಲಾದರೆಂಬುದು ಜಿಲ್ಲೆಗೆ ನೆನಪಿದೆ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಅಕ್ರಮವಾಗಿ ಸೋರುವುದು, ಕೊನೆಭಾಗಕ್ಕೆ ತಲುಪದಿರುವುದು ಪ್ರತಿ ಹಂಗಾಮಿನ ಪಾಡು. ಹೂಳಿನಲ್ಲಿ ಕಳೆದುಹೋದ ಸಂಗ್ರಹವೇ 27 ಟಿಎಂಸಿ ಅಡಿ, ಅಂದರೆ ಬೇಡ್ತಿಯಿಂದ ತರಬೇಕೆಂದಿರುವ ನೀರಿನ ಒಂದೂವರೆ ಪಟ್ಟು. ಈ ಎರಡು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದವರು ಕಡಿಮೆ. ಘಟ್ಟದ ಆಚೆಯಿಂದ ಪಂಪ್ ಮಾಡಿ ತರುವ ನೀರು ಕೊನೆಗೆ ಬೀಳುವುದೂ ಇದೇ ಸೋರುವ ಕಾಲುವೆಗೆ. ಆಗ ಮಾನ್ವಿಯ ರೈತನಿಗೂ ನೀರು ಸಿಗದೆ, ಗಂಗಾವಳಿಯ ಬಳಚಿನವರಿಗೂ ಬಳಚು ಸಿಗದೆ ಹೋಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಯೋಜನೆ ಬೇಕೋ ಬೇಡವೋ ಎಂಬ ತೀರ್ಮಾನಕ್ಕೂ ಮುನ್ನ ಆಗಬೇಕಾದ ಕೆಲಸವೊಂದು ಉಳಿದಿದೆ. ಅಣೆಕಟ್ಟಿಲ್ಲದ ಅಘನಾಶಿನಿ, ಅಣೆಕಟ್ಟಿನ ಶರಾವತಿ ಮತ್ತು ತಿರುವಿಗೆ ಗುರುತಿಸಿರುವ ಗಂಗಾವಳಿ, ಈ ಮೂರೂ ಅಳಿವೆಗಳು ಕರಾವಳಿ ಹೆದ್ದಾರಿಯಲ್ಲಿ ಒಂದೇ ದಿನದಲ್ಲಿ ಸುತ್ತಿ ಬರುವಷ್ಟು ಹತ್ತಿರದಲ್ಲಿವೆ. ತಿಂಗಳಿಗೆರಡು ಬಾರಿ, ಭರತ ಮತ್ತು ಇಳಿತದ ಹೊತ್ತಿಗೆ, ಉಪ್ಪಿನ ಅಂಶ, ಪಿಎಚ್, ಆಮ್ಲಜನಕ ಅಳೆದು, ಬಲೆಯಲ್ಲಿ ಸಿಗುವ ಡಿಂಭಗಳನ್ನು ಎಣಿಸಿದರೆ ಒಂದು ವರ್ಷದಲ್ಲಿ ಮೊದಲ ಚಿತ್ರ ಸಿಗುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಮತ್ತು ಕೈಕೊಟ್ಟ ವರ್ಷ ಎರಡನ್ನೂ ಹೋಲಿಸಲು ಮೂರು ವರ್ಷ ಬೇಕಾದೀತು. ಕಾಗದದ ಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದಿರುವ ಯೋಜನೆಗೆ ಅದು ದೀರ್ಘ ಅವಧಿಯಲ್ಲ. ಅಕ್ಟೋಬರ್‌ನಲ್ಲಿ ಹೊಳೆ ಇಳಿದು ಉಪ್ಪು ಒಳಬರುವ ಮೊದಲ ವಾರದಿಂದ ಎಣಿಕೆ ಆರಂಭಿಸಬಹುದು.